ಅಕ್ಷರ ಜೋಡಿಸಿದರೆ ಇಂಗ್ಲಿಷ್ ಬಂದೀತೇ?

ನಮ್ಮ ಶಾಲೆಗಳಲ್ಲಿ ಇಂಗ್ಲಿಷಿನ ಹೆಸರಿನಲ್ಲಿ ನಡೆಯುವ ವ್ಯರ್ಥ ಕಸರತ್ತುಗಳಲ್ಲಿ ಒಂದನ್ನು ಇವತ್ತೇ ನಿಲ್ಲಿಸಬಹುದು ಎಂದು ಯಾರಾದರೂ ನನಗೆ ಅಧಿಕಾರ ಕೊಟ್ಟರೆ, ನಾನು ಮೊದಲು ಕೈಹಾಕುವುದು ಚೆಲ್ಲಾಪಿಲ್ಲಿ ಅಕ್ಷರಗಳ ಅಭ್ಯಾಸಕ್ಕೆ. ನಿಮಗೆ ಗೊತ್ತಿರುವುದೇ. ಅಕ್ಷರಗಳನ್ನು ಹಿಂದುಮುಂದಾಗಿ ಬರೆದು, ಪಕ್ಕದಲ್ಲಿ ಒಂದು ಗೆರೆ ಎಳೆದು, ‘ಸರಿಯಾದ ಪದ ಮಾಡಿ, ಅರ್ಥ ಬರೆಯಿರಿ’ ಎನ್ನುವ ಪ್ರಶ್ನೆ. ಪ್ರಾಥಮಿಕ ಶಾಲೆಯ ವರ್ಕ್‌ಶೀಟಿನಲ್ಲಿ ಅದು ಇದೆ. ರಜೆಯ ಹೋಮ್‌ವರ್ಕಿನಲ್ಲಿ ಇದೆ. ಮೊಬೈಲ್ ಆ್ಯಪುಗಳಲ್ಲಿ ಇದೆ. ಮುಂದೆ ಬ್ಯಾಂಕ್ ಪರೀಕ್ಷೆಗೆ ಕೂತಾಗಲೂ ಬೇರೆ ವೇಷದಲ್ಲಿ ಎದುರಾಗುತ್ತದೆ. ಇದರಿಂದ ಇಂಗ್ಲಿಷ್ ಬರುವುದಿಲ್ಲ ಎಂಬುದು ನನ್ನ ವಾದ. ಅಷ್ಟೇ ಅಲ್ಲ, ಇಂಗ್ಲಿಷ್ ಎಂದರೆ ನಮ್ಮ ಬದುಕಿಗೆ ಸಂಬಂಧವಿಲ್ಲದ ಒಂದು ಬೀಗ, ಅದಕ್ಕೊಂದು ಕಳ್ಳ ಕೀಲಿ ಇರುತ್ತದೆ ಎಂಬ ನಂಬಿಕೆಯನ್ನು ಇದು ಮಕ್ಕಳ ತಲೆಯಲ್ಲಿ ಬೇರೂರಿಸುತ್ತದೆ.

ನಾನು ಅಂಕೋಲೆಯವನು. ಕೆಲಸ ಕಾರವಾರದಲ್ಲಿ. ಸಂಜೆ ಮನೆಗೆ ಬಂದ ಮೇಲೆ ಓಣಿಯ ಆರೆಂಟು ಮಕ್ಕಳು ಪುಸ್ತಕ ಹಿಡಿದುಕೊಂಡು ಜಗಲಿಗೆ ಬರುತ್ತಾರೆ. ಮನೆಯಲ್ಲಿ ಕೊಂಕಣಿ ಆಡುವವರು, ಹಾಲಕ್ಕಿ ಕನ್ನಡ ಆಡುವವರು, ನಾಡವರ ಕನ್ನಡ ಆಡುವವರು ಎಲ್ಲ ಸೇರಿದ ಗುಂಪು ಅದು. ಅದರಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಟಿ, ಸಿ, ಎ ಎಂಬ ಮೂರು ಅಕ್ಷರಗಳನ್ನು ಜೋಡಿಸಿ ‘ಆ್ಯಕ್ಟ್’ ಎಂದು ಬರೆದಿದ್ದಳು. ಅರ್ಥ: ನಟಿಸು. ಅದರ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿತ್ತು. ಪಕ್ಕದಲ್ಲಿ ತಿದ್ದುಪಡಿ: ‘ಕ್ಯಾಟ್, ಬೆಕ್ಕು’. ಅವಳು ಬರೆದದ್ದರಲ್ಲಿ ತಪ್ಪೇನು? ಅಕ್ಷರ ಬಿಟ್ಟಿಲ್ಲ, ಹೆಚ್ಚಾಗಿಲ್ಲ, ಪದ ಇದೆ, ಅರ್ಥ ಸರಿ ಇದೆ. ಉತ್ತರದ ಹಾಳೆಯಲ್ಲಿ ಬೆಕ್ಕು ಎಂದು ಅಚ್ಚಾಗಿತ್ತು, ಅದಕ್ಕೆ ತಪ್ಪು. ಯಕ್ಷಗಾನದ ಊರಿನಲ್ಲಿ ಮಗುವಿಗೆ ಬೆಕ್ಕಿಗಿಂತ ಮೊದಲು ನಟನೆ ಹೊಳೆಯಿತು ಎಂದರೆ ನಾವು ಖುಷಿಪಡಬೇಕಿತ್ತು.

ಇದು ಆ ಒಬ್ಬ ಶಿಕ್ಷಕರ ತಪ್ಪಲ್ಲ. ಅಭ್ಯಾಸದ ಹುಟ್ಟುಗುಣವೇ ಅದು. ಎಸ್, ಟಿ, ಓ, ಪಿ ಎಂಬ ನಾಲ್ಕು ಅಕ್ಷರಗಳನ್ನು ತೆಗೆದುಕೊಳ್ಳಿ. ಸ್ಟಾಪ್ ಆಗುತ್ತದೆ, ಪೋಸ್ಟ್ ಆಗುತ್ತದೆ, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಕೂಡ ಆಗುತ್ತದೆ. ಆರು ಪದ, ಆರು ಅರ್ಥ, ಆರೂ ಸರಿ. ‘ಸರಿಯಾದ ಪದ’ ಯಾವುದು ಎಂಬುದನ್ನು ಅಕ್ಷರಗಳು ಹೇಳುವುದಿಲ್ಲ. ಅದನ್ನು ಹೇಳುವುದು ವಾಕ್ಯ, ಸಂದರ್ಭ, ಮಾತಾಡುವವರ ಉದ್ದೇಶ. ಅವೆಲ್ಲವನ್ನೂ ಕಿತ್ತು ಹಾಕಿದ ಮೇಲೆಯೇ ಈ ಪ್ರಶ್ನೆ ಹುಟ್ಟುತ್ತದೆ. ಅರ್ಥ ಹುಟ್ಟುವ ಜಾಗವನ್ನೇ ಅಳಿಸಿ, ಆಮೇಲೆ ಅರ್ಥ ಬರೆ ಎನ್ನುವುದು ಯಾವ ನ್ಯಾಯ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಗೊತ್ತಿಲ್ಲದ ಪದವನ್ನು ಯಾರೂ ಜೋಡಿಸಲಾರರು. ಗೊತ್ತಿರುವ ಪದವನ್ನು ಜೋಡಿಸಿ ಕಲಿಯುವುದೇನೂ ಉಳಿದಿರುವುದಿಲ್ಲ. 2003ರ ಹೊತ್ತಿಗೆ ಒಂದು ಇಮೇಲ್ ಜಗತ್ತನ್ನೆಲ್ಲ ಸುತ್ತಿತು. ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ಸಾಕು, ನಡುವಿನವು ಹೇಗಿದ್ದರೂ ಓದಬಹುದು, ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆ ಹೀಗೆ ಹೇಳಿದೆ ಎಂದು ಅದರಲ್ಲಿತ್ತು. ಈಗಲೂ ವಾಟ್ಸ್ಆ್ಯಪಿನಲ್ಲಿ ಆಗಾಗ ತೇಲಿ ಬರುತ್ತದೆ. ಕೇಂಬ್ರಿಜ್‌ನಲ್ಲಿ ಅಂಥ ಸಂಶೋಧನೆ ನಡೆದಿರಲಿಲ್ಲ. ಅಲ್ಲಿಯೇ ಭಾಷೆ ಮತ್ತು ಮಿದುಳಿನ ಸಂಬಂಧದ ಮೇಲೆ ಕೆಲಸ ಮಾಡುವ ಮ್ಯಾಟ್ ಡೇವಿಸ್ ಅದರ ಜಾಡು ಹಿಡಿದು ಬರೆದರು. ಇಂಥದೊಂದು ಅಧ್ಯಯನವನ್ನು ನಿಜವಾಗಿ ಮಾಡಿದ್ದವರು ಗ್ರಹಾಂ ರಾಲಿನ್‌ಸನ್, 1976ರಲ್ಲಿ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪಿಎಚ್‌ಡಿಗಾಗಿ. ಆ ಇಮೇಲನ್ನು ಓದಲು ಆಗುವುದು ಯಾರಿಗೆ? ಅದರಲ್ಲಿರುವ ಪದಗಳೆಲ್ಲ ಮೊದಲೇ ಗೊತ್ತಿರುವವರಿಗೆ, ವಾಕ್ಯ ಎತ್ತ ಸಾಗುತ್ತಿದೆ ಎಂದು ಊಹಿಸಬಲ್ಲವರಿಗೆ. ಇಂಗ್ಲಿಷ್ ಬಾರದವನ ಎದುರು ಅದನ್ನು ಇಟ್ಟರೆ ಅವನಿಗೆ ಸರಿಯಾಗಿ ಬರೆದದ್ದೂ ಒಂದೇ, ಚೆಲ್ಲಾಪಿಲ್ಲಿ ಬರೆದದ್ದೂ ಒಂದೇ.

ಲೆಕ್ಕವನ್ನೂ ನೋಡಿಬಿಡೋಣ. ಬೈತಖೋಲ ಬಂದರಿನ ಮಗುವಿಗೆ ‘ಟ್ರಾಲರ್’ ಎಂಬ ಪದ ಹುಟ್ಟಿನಿಂದ ಗೊತ್ತು. ಅಪ್ಪ ಅದರಲ್ಲೇ ಹೋಗುತ್ತಾನೆ. ಇಂಗ್ಲಿಷಿನಲ್ಲಿ ಅದು ಏಳು ಅಕ್ಷರ, ಅದರಲ್ಲಿ ಆರ್ ಎರಡು ಸಲ. ಆ ಏಳನ್ನು ಕಲಸಿದರೆ 2520 ಬೇರೆ ಬೇರೆ ರೀತಿಯಲ್ಲಿ ಇಡಬಹುದು. ಪದವನ್ನು ಬಾಯಿಂದ ಬಲ್ಲ, ಕಣ್ಣಿಂದ ಬಲ್ಲ, ಬಲೆಯ ವಾಸನೆಯಿಂದ ಬಲ್ಲ ಮಗುವನ್ನು 2520 ಸಾಧ್ಯತೆಗಳ ಕತ್ತಲಿಗೆ ತಳ್ಳಿ, ‘ನಿನಗೆ ಬರುವುದಿಲ್ಲ’ ಎಂದು ಹೇಳಿ ಕಳಿಸುತ್ತೇವೆ. ಓದುವುದರಲ್ಲಿ ಅಕ್ಷರ ಅದಲುಬದಲಾಗುವ ತೊಂದರೆ ಇರುವ ಮಕ್ಕಳ ಪಾಲಿಗಂತೂ ಇದು ಶಿಕ್ಷೆಯೇ.

ಮತ್ತೊಂದು ಮಾತು ನಮ್ಮ ಲಿಪಿಯದು. ಈ ಅಭ್ಯಾಸ ಹುಟ್ಟಿದ್ದು ಧ್ವನಿಯನ್ನು ಬಿಡಿಬಿಡಿಯಾಗಿ ಸಾಲಲ್ಲಿ ಇಡುವ ಲಿಪಿಯ ನಾಡಿನಲ್ಲಿ. ಕನ್ನಡದ ಮಗು ಮೊದಲು ಕಲಿಯುವುದು ಅಕ್ಷರ. ಅಂದರೆ ಉಚ್ಚರಿಸಬಹುದಾದ ಒಂದು ತುಂಡು. ಕಾ, ಕಿ, ಕೀ ಎಂದು ಕಾಗುಣಿತ ಹೇಳುವಾಗ ಅದರ ಬಾಯಿ ಮತ್ತು ಕಣ್ಣು ಒಟ್ಟಿಗೆ ನಡೆಯುತ್ತವೆ. ಕಾರವಾರ ಎಂಬುದನ್ನು ಕಲಸಿದರೆ ಕಾ, ರ, ವಾ, ರ ಎಂಬ ನಾಲ್ಕು ತುಂಡು. ಜೋಡಿಸಲು ಹನ್ನೆರಡೇ ದಾರಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 180 ದಾರಿ. ಅಂಕೋಲಾ ಇನ್ನೂ ಸ್ವಾರಸ್ಯ. ಕನ್ನಡದಲ್ಲಿ ಮೂರು ತುಂಡು, ಆರು ದಾರಿ. ಅದರಲ್ಲೂ ‘ಅಂ’ ಎಂಬಂಥ ಬಿಡಿ ಸ್ವರ ಪದದ ಆರಂಭದಲ್ಲೇ ನಿಲ್ಲಬೇಕು ಎಂದು ಲಿಪಿಯೇ ಹೇಳಿಬಿಡುವುದರಿಂದ ಉಳಿಯುವುದು ಎರಡೇ. ಇಂಗ್ಲಿಷಿನಲ್ಲಿ ಅದೇ ಊರು 360 ರೀತಿ ಚೆದುರುತ್ತದೆ. ಕಾಳಿ ನದಿಯನ್ನು ತಿರುಗಿಸಿದರೆ ‘ಳಿಕಾ’. ಳಕಾರದಿಂದ ಕನ್ನಡ ಪದ ಶುರುವಾಗುವುದಿಲ್ಲ ಎಂದು ವ್ಯಾಕರಣ ಓದದ ಮಗುವೂ ನಕ್ಕು ಹೇಳುತ್ತದೆ.

ಹಾಗೆಂದು ಅಕ್ಷರಗಳ ಆಟ ನಮಗೆ ಹೊರಗಿನದು ಎಂದು ನಾನು ಹೇಳುತ್ತಿಲ್ಲ. ವಿಕಟಕವಿ ಎಂಬ ಪದವನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ. ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಮಗು ಅದನ್ನು ಹಿಂದೆ ಮುಂದೆ ಹೇಳಿ ಕುಣಿಯುತ್ತದೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ತಿರುಗಿಸಿ ನೋಡಿ, ಆಟ ಸತ್ತುಹೋಗುತ್ತದೆ. ನಮ್ಮ ಹಳೆಯ ಕವಿಗಳು ಚಿತ್ರಕವಿತ್ವದಲ್ಲಿ ಅಕ್ಷರಗಳನ್ನು ಚಕ್ರ, ಪದ್ಮಗಳ ಆಕಾರದಲ್ಲಿ ಹೆಣೆದರು. ಕುಮುದೇಂದು ಮುನಿಯ ಹೆಸರಿನಲ್ಲಿರುವ ಸಿರಿಭೂವಲಯದಲ್ಲಿ ಅಕ್ಷರಗಳೇ ಇಲ್ಲ. 27 ಸಾಲು, 27 ಕಂಬಸಾಲಿನ 729 ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ಮಾತ್ರ. ಬಂಧದ ಕ್ರಮ ತಿಳಿದವನಿಗೆ ಮಾತ್ರ ಅದರಲ್ಲಿ ಪದ್ಯ ಕಾಣುತ್ತದೆ. ಅದರ ಕಾಲ, ವ್ಯಾಪ್ತಿಗಳ ಬಗ್ಗೆ ವಿದ್ವಾಂಸರು ಜಗಳವಾಡಲಿ. ನನಗೆ ಬೇಕಾದದ್ದು ಇಷ್ಟೇ: ಅಂಥ ಆಟವನ್ನು ಯಾರೂ ಭಾಷೆ ಕಲಿಸುವ ಮೊದಲ ಮೆಟ್ಟಿಲು ಎಂದು ಕರೆಯಲಿಲ್ಲ. ಅದು ಭಾಷೆಯಲ್ಲಿ ಮಿಂದೆದ್ದವರ ವಿನೋದ. ನಾವು ಇಂಗ್ಲಿಷಿನ ವಿಷಯದಲ್ಲಿ ಶಿಖರದ ಆಟವನ್ನು ತಂದು ತಪ್ಪಲಿನ ಪಾಠ ಮಾಡಿದ್ದೇವೆ.

ಅಕ್ಷರ ಅದಲುಬದಲಾಗಿ ಅರ್ಥ ಹುಟ್ಟಿದ ಕಥೆ ಎಂದರೆ ನಮಗೆ ವಾಲ್ಮೀಕಿಯದು ನೆನಪಾಗುತ್ತದೆ. ‘ಮರ ಮರ’ ಎನ್ನುತ್ತ ‘ರಾಮ’ ಆಯಿತು ಎಂಬ ಕಥೆ. ಅಲ್ಲಿ ನಡೆದದ್ದೇನು ಗಮನಿಸಿ. ಬೇಡನ ಕೈಗೆ ಹಾಳೆ ಕೊಟ್ಟು ಜೋಡಿಸು ಎನ್ನಲಿಲ್ಲ. ಅವನಿಗೆ ಗೊತ್ತಿದ್ದ ಪದವನ್ನೇ ಕೊಟ್ಟರು, ಕಾಡಿನಲ್ಲಿ ದಿನವೂ ಕಾಣುವ ಮರವನ್ನು. ಅದನ್ನು ಬಾಯಿತುಂಬ ಹೇಳಿಸಿದರು, ಹೇಳುತ್ತ ಹೇಳುತ್ತ ಹೊಸ ಪದ ತಾನಾಗಿ ಕಿವಿಗೆ ಬಿತ್ತು. ತಿಳಿದದ್ದರಿಂದ ತಿಳಿಯದ್ದಕ್ಕೆ, ಬಾಯಿಯಿಂದ ಬರಹಕ್ಕೆ. ಭಾಷಾ ಬೋಧನೆಯ ದಾರಿ ಅದೇ ತಾನೆ?

ಇನ್ನು ‘ಅರ್ಥ ಬರೆಯಿರಿ’ ಎಂಬ ಎರಡನೆಯ ಭಾಗಕ್ಕೆ ಬರೋಣ. ಒಂದು ಇಂಗ್ಲಿಷ್ ಪದ, ಎದುರಿಗೆ ಒಂದು ಕನ್ನಡ ಪದ, ನಡುವೆ ಸಮ ಚಿಹ್ನೆ. ಇದರಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ‘ಅವಾರ್ಡ್’ ಎಂದರೆ ಪ್ರಶಸ್ತಿ ಎಂದು ಮಕ್ಕಳು ಬರೆಯುತ್ತಾರೆ. ಆದರೆ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಆ ಪದ ಹೊತ್ತು ತಂದದ್ದು ಬೇರೆ ಅರ್ಥವನ್ನು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಕಡಲಂಚಿನ ಹಳ್ಳಿಗಳು ಖಾಲಿಯಾದವು. ಭೂಸ್ವಾಧೀನದ ಕಾಗದದಲ್ಲಿ ಅವಾರ್ಡ್ ಎಂದರೆ ನಿಮ್ಮ ನೆಲಕ್ಕೆ ಅಧಿಕಾರಿ ಕಟ್ಟಿದ ಬೆಲೆಯ ಐತೀರ್ಪು. ಮನೆ ಮುಂದಿನ ತೆಂಗಿಗೆ ಇಷ್ಟು, ಗದ್ದೆಗೆ ಇಷ್ಟು ಎಂದು ಬರೆದ ಆ ಅವಾರ್ಡಿನ ಮೇಲೆ ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಪದವನ್ನು ಸರಿಯಾಗಿ ಜೋಡಿಸಿ ‘ಪ್ರಶಸ್ತಿ’ ಎಂದು ಬರೆದ ಹುಡುಗನಿಗೆ ಒಂದು ಅಂಕ ಸಿಗುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿರುವ ಕಾಗದ ಮಾತ್ರ ಅವನಿಗೆ ಓದಲು ಬರುವುದಿಲ್ಲ.

ಇನ್ನೊಂದು ಪದ ನೋಡಿ: ‘ಅಲರ್ಟ್’. ಅದರ ಐದು ಅಕ್ಷರಗಳನ್ನು ಬೇರೆ ರೀತಿ ಜೋಡಿಸಿದರೆ ‘ಆಲ್ಟರ್’, ಅಂದರೆ ಬದಲಿಸು. ಮತ್ತೊಂದು ರೀತಿಯಲ್ಲಿ ‘ಲೇಟರ್’, ಅಂದರೆ ಆಮೇಲೆ. ಉತ್ತರದ ಹಾಳೆಯಲ್ಲಿ ‘ಎಚ್ಚರ’ ಎಂದಿರುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಅಲರ್ಟ್ ಎಂಬ ಪದ ಯಾವ ಪಾಠದಿಂದಲೂ ಬಂದದ್ದಲ್ಲ. ಮಳೆಗಾಲದಲ್ಲಿ ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎಂದು ಅವರು ಕಲಿತಿದ್ದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದ ಮೇಲೆ ಆ ಪದದ ತೂಕವೇ ಬದಲಾಯಿತು. ಈಗ ನಮ್ಮ ಜಗಲಿಯಲ್ಲಿ ಯಾರಾದರೂ ಆ ಪದ ಹೇಳಿದರೆ ಯಾವ ಮಗುವೂ ರಜೆ ಎಂದು ಕೂಗುವುದಿಲ್ಲ. ಪದಕ್ಕೆ ಅರ್ಥ ಬರುವುದು ಹೀಗೆ, ಬದುಕಿನೊಳಗಿಂದ.

ಕನ್ನಡದಲ್ಲೂ ಅಷ್ಟೇ. ‘ಕಗ್ಗ’ ಎಂದರೆ ಬಹುಪಾಲು ಓದುಗರಿಗೆ ನೆನಪಾಗುವುದು ಡಿ.ವಿ.ಜಿ. ಆದರೆ ಅಘನಾಶಿನಿಯ ಗಜನಿ ಗದ್ದೆಯವರಿಗೆ ಕಗ್ಗ ಎಂದರೆ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಭತ್ತ. ಅಕ್ಷರ ಎರಡೇ, ಒಂದೂ ಕದಲಿಲ್ಲ, ಅರ್ಥ ಮಾತ್ರ ಸಮುದ್ರದಷ್ಟು ದೂರ. ಅರ್ಥವನ್ನು ಅಕ್ಷರದೊಳಗೆ ಹುಡುಕುವವರು ಈ ಎರಡು ಅಕ್ಷರಗಳನ್ನು ಎಷ್ಟು ಸಲ ತಿರುಗಿಸಿದರೂ ಏನೂ ಸಿಗುವುದಿಲ್ಲ.

ಅಕ್ಷರ ಜೋಡಣೆಗೂ ಭಾಷೆಗೂ ಎಷ್ಟು ದೂರ ಎಂಬುದಕ್ಕೆ ಒಬ್ಬ ಮನುಷ್ಯನೇ ಸಾಕ್ಷಿ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಸ್ಕ್ರ್ಯಾಬಲ್ ಆಟದ ದೈತ್ಯ. 2015ರಲ್ಲಿ ಆತ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದ. ಆತನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಆಟದ ಪದಪಟ್ಟಿಯನ್ನು ಕಂಠಪಾಠ ಮಾಡಿ ಗೆದ್ದ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಅದನ್ನೇ ಮಾಡಿ ತೋರಿಸಿದ. ನನಗೆ ಆತನ ಮೇಲೆ ಅಪಾರ ಗೌರವ. ಆದರೆ ಚೆಲ್ಲಿದ ಅಕ್ಷರಗಳನ್ನು ಜೋಡಿಸುವ ವಿದ್ಯೆಯ ತುತ್ತತುದಿಗೆ ಹೋದವನೂ ಪ್ಯಾರಿಸ್ಸಿನ ಬೀದಿಯಲ್ಲಿ ಹರಟೆ ಹೊಡೆಯಲಾರ ಎಂದಾದರೆ, ಆ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟ ನಮ್ಮ ಮಕ್ಕಳು ಎಲ್ಲಿಗೆ ತಲುಪುತ್ತಾರೆ?

‘ಅಯ್ಯೋ, ಅದೊಂದು ಆಟ ಮಾರಾಯರೇ, ಮಕ್ಕಳು ಖುಷಿಯಿಂದ ಮಾಡುತ್ತವೆ, ಸ್ಪೆಲಿಂಗ್ ಆದರೂ ಬರುತ್ತದೆ’ ಎಂದು ಹೇಳುವವರಿದ್ದಾರೆ. ಆಟವಾದರೆ ನನ್ನ ತಕರಾರಿಲ್ಲ. ಪದಬಂಧ ಬಿಡಿಸುವವರನ್ನು ನಾನು ಇಷ್ಟಪಡುತ್ತೇನೆ. ಅದರಲ್ಲಿ ಸುಳಿವು ಇರುತ್ತದೆ, ಅಂದರೆ ಅರ್ಥ ಮೊದಲು ಬರುತ್ತದೆ, ಪದ ಆಮೇಲೆ. ಆಟಕ್ಕೆ ಅಂಕ ಕೊಟ್ಟು, ಅಂಕಕ್ಕೆ ಗೀಟು ಹಾಕಿದ ಮೇಲೆ ಅದು ಆಟವಾಗಿ ಉಳಿಯುವುದಿಲ್ಲ. ಸ್ಪೆಲಿಂಗಿನ ಮಾತೂ ಅಷ್ಟೆ. ಸರಿಯಾದ ರೂಪವನ್ನು ಮತ್ತೆ ಮತ್ತೆ ನೋಡಿ, ಓದಿ, ಬರೆದು ಕಣ್ಣಿಗೆ ರೂಢಿಯಾಗಬೇಕಾದ ಹೊತ್ತಿನಲ್ಲಿ ಮಗುವಿಗೆ ತಪ್ಪು ರೂಪಗಳನ್ನೇ ಸಾಲಾಗಿ ತೋರಿಸುವುದು ಎಂಥ ಸ್ಪೆಲಿಂಗ್ ಪಾಠ? ಹಾಡು ಕಲಿಯುವವನಿಗೆ ದಿನವೂ ಅಪಸ್ವರ ಕೇಳಿಸಿ, ಇದರಲ್ಲಿ ರಾಗ ಹುಡುಕು ಎಂದಂತೆ.

ಹಾಗಾದರೆ ಇದು ಯಾಕೆ ಉಳಿದಿದೆ? ನನ್ನ ಪ್ರಕಾರ ಕಾರಣ ಸರಳ. ತಯಾರಿಸಲು ಐದು ನಿಮಿಷ ಸಾಕು. ತಿದ್ದಲು ಅದಕ್ಕಿಂತ ಕಡಿಮೆ. ತರಗತಿ ಅರ್ಧ ಗಂಟೆ ಸದ್ದಿಲ್ಲದೆ ಕೂರುತ್ತದೆ. ಇಂಗ್ಲಿಷ್ ಮಾತಾಡಿಸಬೇಕೆಂದರೆ ಕಲಿಸುವವರೂ ಮಾತಾಡಬೇಕು. 2007-08ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ವಿಷಯವಾಗಿ ಕಲಿಸುತ್ತಿದ್ದೇವೆ. ಮುಂದೆ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆದೆವು. ಪರವಿರೋಧದ ಚರ್ಚೆಯೆಲ್ಲ ನಡೆದದ್ದು ಇಂಗ್ಲಿಷ್ ಬೇಕೋ ಬೇಡವೋ ಎಂಬ ಬಗ್ಗೆ. ಆ ಪೀರಿಯಡ್ಡಿನ ನಲವತ್ತು ನಿಮಿಷದಲ್ಲಿ ಏನು ನಡೆಯುತ್ತದೆ ಎಂದು ಕೇಳಿದವರು ಕಡಿಮೆ. ಒಂಟಿ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಘಟ್ಟದಂಚಿನ ಶಾಲೆಯಲ್ಲಿ ಮೌನದ ಹಾಳೆಯೊಂದು ವರವಾಗಿ ಕಾಣುವುದು ನನಗೆ ಅರ್ಥವಾಗುತ್ತದೆ. ನನ್ನ ಸಿಟ್ಟು ಆ ಶಿಕ್ಷಕರ ಮೇಲಲ್ಲ. ಅವರನ್ನು ಒಂಟಿಯಾಗಿ ಬಿಟ್ಟು, ವರ್ಕ್‌ಶೀಟ್ ತುಂಬಿದೆಯೇ ಎಂದು ಮಾತ್ರ ನೋಡುವ ವ್ಯವಸ್ಥೆಯ ಮೇಲೆ.

ಇದು ಪ್ರಾಥಮಿಕ ಶಾಲೆಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬ್ಯಾಂಕ್ ಪರೀಕ್ಷೆಗಳ ತಾರ್ಕಿಕ ಸಾಮರ್ಥ್ಯದ ಭಾಗದಲ್ಲಿ ಒಂದು ಮಾದರಿ ಪ್ರಶ್ನೆ ಇದೆ. ಯಾವುದೋ ಒಂದು ಪದದ ಎರಡನೆಯ, ನಾಲ್ಕನೆಯ, ಏಳನೆಯ, ಎಂಟನೆಯ ಅಕ್ಷರಗಳಿಂದ ಅರ್ಥಪೂರ್ಣ ಇಂಗ್ಲಿಷ್ ಪದ ಆಗುತ್ತದೆಯೇ, ಒಂದೇ ಆಗುತ್ತದೆಯೋ ಹೆಚ್ಚು ಆಗುತ್ತವೆಯೋ ಹೇಳಿ ಎಂದು. ಇದರಲ್ಲಿ ತರ್ಕ ಎಲ್ಲಿದೆ? ಒಂದೇ ಪದ ಆಗುತ್ತದೆ ಎಂದು ಹೇಳಬೇಕಾದರೆ ಆ ಅಕ್ಷರಗಳ ಉಳಿದ ಯಾವ ಜೋಡಣೆಯೂ ಇಂಗ್ಲಿಷಿನಲ್ಲಿ ಪದವಲ್ಲ ಎಂದು ಗೊತ್ತಿರಬೇಕು. ಅದು ಇಂಗ್ಲಿಷ್ ಶಬ್ದಸಂಪತ್ತಿನ ಪರೀಕ್ಷೆ, ತರ್ಕದ ಮುಖವಾಡ ಹಾಕಿಕೊಂಡು ಬಂದದ್ದು. 2019ರಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು ಎಂದು ಕೇಂದ್ರ ಸರ್ಕಾರ ಘೋಷಿಸಿದಾಗ ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದ್ದೇ. ಆದರೆ ಈ ಮಾದರಿಯ ಪ್ರಶ್ನೆಯನ್ನು ಯಾವ ಭಾಷೆಗೂ ಅನುವಾದಿಸಲು ಆಗುವುದಿಲ್ಲ. ಸೂಚನೆಯನ್ನು ಕನ್ನಡ ಮಾಡಬಹುದು, ಪದ ಇಂಗ್ಲಿಷಿನದೇ ಇರಬೇಕು. ಕನ್ನಡದಲ್ಲಿ ಪರೀಕ್ಷೆ ಬರೆಯುವ ಹುಡುಗಿ, ಇಂಗ್ಲಿಷಿಗೆಂದೇ ಮೀಸಲಿಟ್ಟ ಭಾಗದ ಹೊರಗೂ, ತರ್ಕದ ಹೆಸರಿನಲ್ಲಿ ಮತ್ತೊಮ್ಮೆ ಇಂಗ್ಲಿಷಿಗೆ ಸುಂಕ ಕಟ್ಟುತ್ತಾಳೆ. ನಮ್ಮ ಕರಾವಳಿ ಬ್ಯಾಂಕುಗಳನ್ನು ಹುಟ್ಟಿಸಿದ ನೆಲ. ಅದೇ ನೆಲದ ಮಕ್ಕಳು ಬ್ಯಾಂಕಿನ ಬಾಗಿಲಲ್ಲಿ ಇಂಥ ಪ್ರಶ್ನೆಗೆ ಎಡವಿ ಬೀಳುವುದನ್ನು ನೋಡಿಕೊಂಡು ಸುಮ್ಮನಿರಬೇಕೇ?

ದಿನಕರ ದೇಸಾಯಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿ, ಮುಂಬೈಯಲ್ಲಿ ಕಾರ್ಮಿಕರ ನಡುವೆ ದುಡಿದು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯಲ್ಲಿ ಶಾಲೆಗಳ ಸಾಲನ್ನೇ ತೆರೆದವರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಬಂದದ್ದು ಅದೇ ಕನಸಿನಿಂದ. ಚುಟುಕದ ನಾಲ್ಕು ಸಾಲಿನಲ್ಲಿ ಅವರಷ್ಟು ಚೆನ್ನಾಗಿ ಅಕ್ಷರಗಳೊಂದಿಗೆ ಆಡಿದವರು ವಿರಳ. ಆದರೆ ಅವರ ಪ್ರಾಸ ಕಿವಿಗೆ ಮಜಾ ಕೊಡುವಾಗಲೇ ಮಾತು ಹೊಟ್ಟೆಗೆ ತಾಗುತ್ತದೆ. ಅಕ್ಷರದ ಆಟ ಅರ್ಥದ ಸೇವೆಗೆ ನಿಂತಿದೆ. ಕಲಿಯದವರ ಮನೆಗೆ ಅಕ್ಷರ ಮುಟ್ಟಿಸಿದ ಆ ತಲೆಮಾರಿನ ಜಿಲ್ಲೆಯಲ್ಲಿ ನಾವು ಅರ್ಥವಿಲ್ಲದ ಅಕ್ಷರ ಹಂಚುತ್ತಿದ್ದೇವೆ.

ಬದಲಿ ಏನು ಎಂದು ಕೇಳುತ್ತೀರಿ. ದೊಡ್ಡ ಯೋಜನೆ, ಹೊಸ ಆ್ಯಪು ಯಾವುದೂ ಬೇಡ. ನಮ್ಮ ಹಾಲಕ್ಕಿ ಅಜ್ಜಿಯರ ಒಗಟಿನ ಕ್ರಮವೇ ಸಾಕು. ಒಗಟು ವಸ್ತುವನ್ನು ಬಣ್ಣಿಸುತ್ತದೆ, ಹೆಸರನ್ನು ಕೇಳುತ್ತದೆ. ಅದನ್ನೇ ಇಂಗ್ಲಿಷಿಗೆ ತನ್ನಿ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಾಂಗಡೆ, ತಾರ್ಲೆ, ಶೆಟ್ಲಿ, ತಿಸ್ರೆಗಳನ್ನು ಕಣ್ಣುಮುಚ್ಚಿ ಗುರುತಿಸುವ ಮಗುವಿಗೆ ಇಂಗ್ಲಿಷ್ ಪಾಠ ಕಲಿಸುವುದು ‘ಫಿಶ್ ಸಮ ಮೀನು’ ಎಂದು ಮಾತ್ರ. ಅಷ್ಟೆಲ್ಲ ಬಲ್ಲವಳನ್ನು ಇಷ್ಟಕ್ಕೆ ಇಳಿಸಬೇಕೇ? ಬಾಂಗಡೆ ಮ್ಯಾಕೆರಲ್, ತಾರ್ಲೆ ಸಾರ್ಡೀನ್ ಎಂದು ಅವಳೇ ಹೇಳಲಿ, ಅವುಗಳ ಬಣ್ಣ, ಬೆಲೆ, ರುಚಿಯ ಬಗ್ಗೆ ಮೂರು ತಪ್ಪುತಪ್ಪು ಇಂಗ್ಲಿಷ್ ವಾಕ್ಯ ಹೇಳಲಿ. ತಪ್ಪು ವಾಕ್ಯವನ್ನು ತಿದ್ದಬಹುದು, ಹೇಳದ ವಾಕ್ಯವನ್ನು ತಿದ್ದುವುದು ಹೇಗೆ? ಕಲಸುವ ಅಭ್ಯಾಸವೇ ಬೇಕೆಂದಿದ್ದರೆ ಅಕ್ಷರ ಬಿಟ್ಟು ವಾಕ್ಯದ ತುಣುಕುಗಳನ್ನು ಕಲಸಿ. ದ್ವಿತೀಯ ಪಿಯುಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಅಂಥ ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಯಾರು, ಏನು, ಯಾವಾಗ ಎಂದು ಯೋಚಿಸಿ ಜೋಡಿಸಬೇಕು. ಅಲ್ಲಿ ವ್ಯಾಕರಣ ಇದೆ, ಅರ್ಥ ಇದೆ.

ಇಷ್ಟನ್ನಾದರೂ ಮಾಡಲು ಹಣ ಬೇಡ, ಆದೇಶ ಬೇಡ. ಕೆಂಪು ಪೆನ್ನು ಹಿಡಿದವರು ಉತ್ತರದ ಹಾಳೆಯನ್ನು ಪಕ್ಕಕ್ಕಿಟ್ಟು, ಮಗು ಬರೆದ ಪದ ನಿಜವಾಗಿ ಪದವೇ ಎಂದು ನೋಡಲಿ. ಬ್ಯಾಂಕ್ ಪರೀಕ್ಷೆ ನಡೆಸುವವರು ಇಂಗ್ಲಿಷ್ ಪದ ಹುಡುಕಿಸುವ ಪ್ರಶ್ನೆಯನ್ನು ತರ್ಕದ ಭಾಗದಿಂದ ತೆಗೆದು ಇಂಗ್ಲಿಷಿನ ಭಾಗಕ್ಕೆ ಹಾಕಲಿ, ಇಲ್ಲವೇ ಬಿಟ್ಟೇಬಿಡಲಿ. ಈ ಬರಹ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಶಿಕ್ಷಕರಾಗುವವರು. ನಿಮ್ಮ ಮೊದಲ ತರಗತಿಗೆ ಹೋಗುವಾಗ ವರ್ಕ್‌ಶೀಟಿನ ಕಟ್ಟನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಹೋಗಿ. ಮಕ್ಕಳಿಗೆ ಈಗಾಗಲೇ ಗೊತ್ತಿರುವ ಇಂಗ್ಲಿಷ್ ಪದಗಳು ಯಾವುವು ಎಂದು ಕೇಳಿ. ಬೋಟು, ಐಸು, ಡೀಸೆಲ್, ನೇವಿ, ಗೇಟು, ಪಾಸು, ಅಲರ್ಟು ಎಂದು ಕರಿಹಲಗೆ ತುಂಬಿಹೋಗುತ್ತದೆ. ಪಾಠ ಅಲ್ಲಿಂದ ಶುರುವಾಗಲಿ.